ಡೆಲ್ಮಾ ಎರಡು ಸಲ ನುಡಿದ ಸಾಕ್ಷಿ

ಡೆಲ್ಮಾ ಹ್ಯಾಸ್ಕೆಟ್ ಉತ್ತರ ಫ್ಲಾರಿಡಾದ ನಮ್ಮ ಸಣ್ಣ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು. ಅವಳದು ಏಳನೇ ನಂಬರು, ನಾನು ಓಡಿಸುತ್ತಿದ್ದದ್ದು ಒಂಬತ್ತು.

ಗಂಡ ತೀರಿಹೋದ ವರ್ಷ ಒಂದು ಮಧ್ಯಾಹ್ನ ಅವಳ ಅಡುಗೆಮನೆಯ ಹಿಂಬಾಗಿಲಿನಿಂದ ಅಪರಿಚಿತನೊಬ್ಬ ಒಳಗೆ ಬಂದ. ಡೆಲ್ಮಾ ಗಂಡನ ಪಿಸ್ತೂಲು ಎತ್ತಿ ಹಿಡಿದಳು. ಅವನು ಕೈ ಮೇಲೆತ್ತಿಕೊಂಡು ಹಿಂದೆ ಹಿಂದಕ್ಕೇ ನಡೆದು ಹೊರಟುಹೋದ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅದನ್ನೋದಿದ ಬಂದೂಕು ಮಾಲೀಕರ ಸಂಘದ ಪ್ರತಿನಿಧಿ ಕ್ರೆಯ್ಟನ್, ಬಹಳ ನಯದ ಮನುಷ್ಯ, ಅವಳ ಮನೆಗೆ ಬಂದ.

ಆಗ ಶಾಸನಸಭೆಯ ಮುಂದೆ ಒಂದು ಮಸೂದೆ ಇತ್ತು. ಪ್ರಾಣಭಯವಾದವನು ಬೀದಿಯಲ್ಲಿದ್ದರೂ ಹಿಂದೆ ಸರಿಯಬೇಕಾಗಿಲ್ಲ, ನಿಂತಲ್ಲೇ ಗುಂಡು ಹಾರಿಸಬಹುದು ಎಂಬುದು ಅದರ ತಿರುಳು.

"ಮಿಸ್ ಡೆಲ್ಮಾ, ಅವನ ಕೈಲಿ ಏನೋ ಇತ್ತಲ್ವಾ?" ಎಂದ ಕ್ರೆಯ್ಟನ್, ನಮ್ಮ ಕಡೆ ಹಿರಿಯ ಹೆಂಗಸರನ್ನು ಗೌರವಕ್ಕೆ ಕರೆಯುವಂತೆ ಮಿಸ್ ಸೇರಿಸಿ.

"ಇರಲಿಲ್ಲ ಕಣಪ್ಪ. ವಯಸ್ಸಾದೋನು. ನೀರು ಕೇಳಿದ ಅಂತ ಕಾಣುತ್ತೆ."

"ಆ ಗಾಬರೀಲಿ ಸರಿಯಾಗಿ ನೋಡಿರಲ್ಲ ಬಿಡಿ. ಅವನ ಕೈಲಿ ಏನೋ ಹೊಳೀತು ಅಂತ ಸಭೇಲಿ ಬಂದು ಹೇಳಿದ್ರೆ ಸಾಕು."

ರಾಜಧಾನಿಗೆ ಹೋಗಿ, ಶಾಸಕರ ಸಭೆಯಲ್ಲಿ ಮೈಕಿನ ಮುಂದೆ ಕೂತು, ಏನೋ ಹೊಳೆಯಿತು ಎಂದು ಡೆಲ್ಮಾ ಹೇಳಿದಳು. ಶಾಸಕರು ಎದ್ದು ಬಂದು ಕೈಕುಲುಕಿದರು. ಮಸೂದೆ ಕಾನೂನಾಯಿತು. ಸಂಘದ ಮಾಸಪತ್ರಿಕೆಯಲ್ಲಿ ಅಚ್ಚಾದ ಅವಳ ಫೋಟೊವನ್ನು ಡಿಪೋದ ಗೋಡೆಗೆ ಅಂಟಿಸಿದವನು ನಾನೇ.

ಆರು ವರ್ಷದ ಮೇಲೆ, ಬಟ್ಟೆ ಒಗೆಯುವ ಅಂಗಡಿಯ ಮುಂದೆ ಕಾರು ನಿಲ್ಲಿಸುವ ವಿಚಾರಕ್ಕೆ ಜಗಳವಾಗಿ ಮಾರ್ಕೆಲ್ ಎಂಬ ಇಪ್ಪತ್ತಾರರ ಬಡಗಿ ಗುಂಡೇಟಿಗೆ ಸತ್ತ. ಅವನ ಕೈಯಲ್ಲಿದ್ದದ್ದು ಕಾರಿನ ಕೀಲಿಕೈ. ಹೊಡೆದವನು ಪ್ರಾಣಭಯವಾಯಿತೆಂದ; ಆ ಕಾನೂನಿನಡಿ ಅವನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ಮಾರ್ಕೆಲ್ ಹನ್ನೆರಡು ವರ್ಷ ಡೆಲ್ಮಾಳ ಬಸ್ಸಿನಲ್ಲೇ ಶಾಲೆಗೆ ಹೋದವನು.

ಡೆಲ್ಮಾ ಮೂರು ವಾರ ಚರ್ಚಿಗೆ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಮಾರ್ಕೆಲನ ತಾಯಿ ಒಡೆಸ್ಸಾಳ ಮನೆಗೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದಳು. ಒಡೆಸ್ಸಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಅವತ್ತು ಸಭೇಲಿ ನಾನು ಹೇಳಿದ್ದು ಸುಳ್ಳು. ಆ ಮುದುಕನ ಕೈಲಿ ಏನೂ ಇರಲಿಲ್ಲ."

"ನನ್ನ ಹತ್ರ ಹೇಳಿ ಹಗುರಾಗೋಣ ಅಂತ ಬಂದ್ರಾ, ಮಿಸ್ ಡೆಲ್ಮಾ? ಸುಳ್ಳು ಹೇಳಿದ ಜಾಗದಲ್ಲೇ ಹೋಗಿ ನಿಜ ಹೇಳಿ."

ಹೋದಳು. ಈ ಸಲ ಅವಳಿಗೆ ಸಿಕ್ಕಿದ್ದು ಎರಡು ನಿಮಿಷ. ಶಾಸಕರಲ್ಲಿ ಅರ್ಧ ಜನ ಫೋನು ನೋಡುತ್ತಿದ್ದರು. ಅಧ್ಯಕ್ಷರು ವಂದನೆ ಹೇಳಿ ಮುಂದಿನ ಹೆಸರು ಕೂಗಿದರು. ಹೊರಗೆ ಕ್ರೆಯ್ಟನ್ ಎದುರಾದ.

"ವಯಸ್ಸಾಯ್ತು ಮಿಸ್ ಡೆಲ್ಮಾ, ನೆನಪು ಕೈಕೊಡುತ್ತೆ."

"ನೆನಪು ಗಟ್ಟಿಯಾಗೇ ಇದೆ ಮಗನೇ. ಅವತ್ತು ಕೈಕೊಟ್ಟಿದ್ದು ನಾಲಿಗೆ."

ಕಾನೂನು ಒಂದಕ್ಷರವೂ ಬದಲಾಗಲಿಲ್ಲ. ಮಂಡಿ ಕೈಕೊಡುವವರೆಗೂ, ಏಳು ವರ್ಷ, ಪ್ರತಿ ಅಧಿವೇಶನಕ್ಕೂ ಅವಳು ಆ ಎರಡು ನಿಮಿಷಕ್ಕಾಗಿ ಹೋಗುತ್ತಿದ್ದಳು. ಕಾರು ಓಡಿಸುತ್ತಿದ್ದವನು ನಾನು; ಒಳಗೆ ಹೋಗಿ ಮೈಕಿನ ಮುಂದೆ ಒಮ್ಮೆಯೂ ಕೂರಲಿಲ್ಲ. ಒಡೆಸ್ಸಾ ಅವಳನ್ನು ಕೊನೆಯವರೆಗೂ ಮನೆಯೊಳಗೆ ಕರೆಯಲಿಲ್ಲ. ಕರೆಯಬೇಕಿತ್ತೆಂದು ಡೆಲ್ಮಾಳೂ ಅನ್ನಲಿಲ್ಲ.