ಏಳದ ಕಂಪ್ಯೂಟರ್, ಬಗ್ಗದ ಹೊಳಬಸಪ್ಪ

ಹೊಳಬಸಪ್ಪ ಯಾರಿಗೂ ಬಗ್ಗಿದವನಲ್ಲ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲಾರ್ಕ್ ಆಗಿದ್ದು ನಿವೃತ್ತನಾಗಿ, ಪುಣೆಯ ಸದಾಶಿವ ಪೇಠೆಯಲ್ಲಿ ಮಗ ಸೊಸೆಯ ಜೊತೆಗಿದ್ದ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಸೊಸೆ ಸ್ನೇಹಲ್ ಅವನ ಹಳೇ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಬಾಗಿಲ ಹತ್ತಿರ ಇಟ್ಟಳು. ಟೀವಿಗೆ ಜೋಡಿಸುವ ಎಂಬತ್ತರ ದಶಕದ ಯಂತ್ರ ಅದು.

"ಇದು ಗುಜರಿಗೆ ಹೋಗಲಿ ಮಾವಾರ. ಚಾಲೂನೂ ಆಗೂದಿಲ್ಲ."

"ಆಗ್ತದ," ಎಂದು ಅವನು ಅದನ್ನೆತ್ತಿಕೊಂಡು ಕೋಣೆಗೆ ಹೋಗಿ ಕದ ಹಾಕಿಕೊಂಡ.

ಗುಂಡಿ ಒತ್ತಿದರೆ ಮೊದಲ ಸಾಲೇನೋ ಮೂಡುತ್ತಿತ್ತು. ಮರುಗಳಿಗೆಗೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಪರದೆ ಕಲ್ಲಿನಂತೆ ನಿಂತುಬಿಡುತ್ತಿತ್ತು. ಪ್ರೋಗ್ರಾಂ ತುಂಬಲು ಅದಕ್ಕೆ ಜೋಡಿಸಿದ್ದ ಟೇಪ್ ರೆಕಾರ್ಡರಿನ ವೈರು ಕಿತ್ತು ನೋಡಿದ. ಒಳಗಿನ ಚಿಪ್‌ಗಳನ್ನು ಎಬ್ಬಿಸಿ, ಅವುಗಳ ಪಿನ್ನುಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಕೂಡಿಸಿದ. ಅಟ್ಟದಿಂದ ಇಳಿಸಿದಾಗ ಒದ್ದೆ ಬಟ್ಟೆಯಿಂದ ಒರೆಸಿದ್ದಕ್ಕೆ ಹೀಗಾಯಿತೆಂದು ಸೊಸೆಯ ಮೇಲೆ ಹರಿಹಾಯ್ದ. ಅವಳು ಎರಡು ದಿನ ಮಾತು ಬಿಟ್ಟಳು. ಯಂತ್ರ ಮಾತ್ರ ಏಳಲಿಲ್ಲ.

ಇನ್ನು ಅನುಮಾನ ಉಳಿದದ್ದು ಯಂತ್ರಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿಯ ಮೇಲೆ. ಅಂಥದ್ದೇ ಇನ್ನೊಂದು ಡಬ್ಬಿ ಇದ್ದದ್ದು ಹಳೇ ಗೆಳೆಯ ಪ್ರಲ್ಹಾದನ ಮನೆಯಲ್ಲಿ. ಇಬ್ಬರೂ ಒಂದೇ ಕಾರ್ಖಾನೆಯವರು, ಒಂದೇ ಅಂಗಡಿಯಲ್ಲಿ ಒಂದೇ ಥರದ ಯಂತ್ರ ಕೊಂಡವರು. ಆಮೇಲೆ ಮುಷ್ಕರ ಬಂತು. ಪ್ರಲ್ಹಾದ ಗೇಟಿನ ಹೊರಗೆ ಕೂತ, ಹೊಳಬಸಪ್ಪ ಒಳಗೆ ಕೆಲಸಕ್ಕೆ ಹೋದ. ಪ್ರಲ್ಹಾದನ ನೌಕರಿ ಹೋಯಿತು. ಅಂದಿನಿಂದ ಮಾತಿಲ್ಲ.

ಹೊಳಬಸಪ್ಪ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಚಿಂಚವಾಡದ ಅವನ ಮನೆಗೆ ಹೋದ. ನಿನ್ನ ಡಬ್ಬಿ ಹಚ್ಚಿ ಒಮ್ಮೆ ನೋಡಬೇಕೆಂದು ಕೇಳಿದಾಗ ಪ್ರಲ್ಹಾದ ಬಾಗಿಲಲ್ಲೇ ನಿಂತು ಚೀಲ ನೋಡಿದ.

"ನಿನ್ನ ಮಷೀನಿನಾಗ ಶಾರ್ಟ್ ಇದ್ರ ನನ್ನ ಡಬ್ಬೀನೂ ಸುಡತದ."

"ಸುಟ್ರ ನನ್ನ ಮಷೀನ್ ನೀನ ಇಟಗೋ."

"ಮೊದಲು ಒಂದು ಹೇಳು. ಅವತ್ತ ಒಳಗ ಯಾಕ ಹೋದಿ?"

"ಮನ್ಯಾಗ ಹಿಟ್ಟಿರಲಿಲ್ಲ, ಹೋದೆ. ಇವತ್ತ ಅಂಥ ಹೊತ್ತು ಬಂದ್ರೂ ಒಳಗ ಹೋಗ್ತೀನಿ."

ಪ್ರಲ್ಹಾದ ಕದದ ಚಿಲಕ ಹಿಡಿದ. ಕದ ಮುಖಕ್ಕೇ ಬಡಿಯುತ್ತದೆ ಅಂದುಕೊಂಡ ಹೊಳಬಸಪ್ಪ. ಆದರೆ ಪ್ರಲ್ಹಾದ ಪಕ್ಕಕ್ಕೆ ಸರಿದು, "ಒಳಗ ಬಾ. ಚಹಾ ಸಿಗೂದಿಲ್ಲ," ಅಂದ.

ಮೊದಲು ಮೀಟರ್ ಹಿಡಿದು ಯಂತ್ರದಲ್ಲಿ ಶಾರ್ಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ರಲ್ಹಾದ ತನ್ನ ಡಬ್ಬಿಯನ್ನೂ ಟೀವಿಯನ್ನೂ ಜೋಡಿಸಿದ. ಪರದೆ ಬೆಳಗಿತು, ಸಾಲು ಮೂಡಿತು. ಅಕ್ಷರಗಳು ಚೆಲ್ಲಾಪಿಲ್ಲಿಯಾಗಲಿಲ್ಲ. ಕರ್ಸರ್ ಮಿನುಗುತ್ತಲೇ ಇತ್ತು. ಹೊಳಬಸಪ್ಪನಿಗೆ ಏನಾದರೂ ಟೈಪ್ ಮಾಡುವ ಆಸೆಯಾಯಿತು. ಅವನು ಕೈ ಚಾಚುವ ಮೊದಲೇ ಪ್ರಲ್ಹಾದ ಪ್ಲಗ್ ಕಿತ್ತ.

"ಗೊತ್ತಾತಲ್ಲ? ನಿನ್ನ ಡಬ್ಬಿ ಸತ್ತದ. ಇನ್ನ ನಡಿ."

ಹೊಳಬಸಪ್ಪ ಉಪಕಾರವಾಯಿತೆನ್ನಲಿಲ್ಲ, ತಪ್ಪಾಯಿತೆಂದೂ ಅನ್ನಲಿಲ್ಲ. ಮರುದಿನ ರಿಪೇರಿ ಅಂಗಡಿಯೊಂದರಲ್ಲಿ ಹೊಸ ಪವರ್ ಸಪ್ಲೈ ಡಬ್ಬಿ ಮಾಡಿಸಿದ. ಕಂಪ್ಯೂಟರ್ ಎದ್ದಿತು. ಸ್ನೇಹಲ್ ಅದನ್ನು ನೋಡಿ, ಅದನ್ನಿಡಲು ಅವನ ಕೋಣೆಯ ಮೇಜು ಖಾಲಿ ಮಾಡಿಕೊಟ್ಟಳು.