ಕಾಲುವೆ ದಂಡೆಯ ಮೇಲೆ ಕೇಳಿದ ಪ್ರಾರ್ಥನೆ

ನಾನು ಸುಳ್ಳೇ ಹೇಳದ ಹೆಂಗಸೇನಲ್ಲ. ಸಕ್ಕರೆ ಕಾಯಿಲೆ ಇಟ್ಟುಕೊಂಡು ಡಬ್ಬಿಯಲ್ಲಿದ್ದ ಕರ್ಚಿಕಾಯಿ ತಿಂದು, ಇಲಿ ಬಂದಿತ್ತು ಎಂದು ಸೊಸೆಗೆ ಹೇಳಿದವಳು. ಆದರೆ ಈಗ ಬರೆಯುತ್ತಿರುವುದರಲ್ಲಿ ಇಲಿಯ ಕಥೆ ಇಲ್ಲ. ಇದು ನನಗೇ ಆದದ್ದು, ಹೋದ ಕ್ರಿಸ್ಮಸ್ಸಿಗೆ ಸ್ವಲ್ಪ ಮುಂಚೆ. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಈಚೆಗಷ್ಟೇ ಕಲಿಸಿದ್ದಾಳೆ. ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಹಗಲು ಹೊತ್ತಿನಲ್ಲೇ ಬರೆಯುತ್ತಿದ್ದೇನೆ... ರಾತ್ರಿ ಇದನ್ನು ನೆನೆಸಿಕೊಳ್ಳಲು ನನಗಾಗುವುದಿಲ್ಲ.

ನಮ್ಮದು ನರಗುಂದದಿಂದ ರೋಣಕ್ಕೆ ಹೋಗುವ ರಸ್ತೆಯ ಬದಿಯ ಹಳ್ಳಿ. ಊರಿಗೆ ನಾವೊಂದೇ ಕ್ರೈಸ್ತರ ಮನೆ. ಯಜಮಾನರು ಯೋಹಾನಪ್ಪ ಮಾಸ್ತರರು. ರಾತ್ರಿ ಊಟಕ್ಕೆ ಮುಂಚೆ ಅವರು ಪ್ರಾರ್ಥನೆಗೆ ನಿಂತರೆ, "ಕರುಣೆಯುಳ್ಳ ತಂದೆಯೇ, ಓಣಿಯ ತುದಿಯಿಂದ ಶುರು ಮಾಡುತ್ತೇನೆ" ಎಂದು ಹೇಳಿ, ಊರಿನ ಒಂದೊಂದು ಮನೆಯನ್ನೂ ಹೆಸರು ಹಿಡಿದು ದೇವರ ಮುಂದೆ ಇಡುತ್ತಿದ್ದರು. ಯಾರ ಎಮ್ಮೆಗೆ ಜ್ವರ, ಯಾರ ಮಗಳಿಗೆ ಇನ್ನೂ ವರ ಕೂಡಿಬಂದಿಲ್ಲ, ಎಲ್ಲವೂ. ಅಷ್ಟರಲ್ಲಿ ಸಾರು ಆರಿರುತ್ತಿತ್ತು. ನಾನು ಒಂದು ಕಣ್ಣು ತೆರೆದು ಹಪ್ಪಳ ಮುರಿಯುತ್ತಿದ್ದೆ.

ಒಂದು ಹೆಸರು ಮಾತ್ರ ಆ ಪ್ರಾರ್ಥನೆಯಲ್ಲಿ ಬರುತ್ತಿರಲಿಲ್ಲ. ಅವರ ತಮ್ಮ ಪೇತ್ರಪ್ಪನದು. ಅವನು ಗಜೇಂದ್ರಗಡದಲ್ಲಿದ್ದಾನೆ. ಎಷ್ಟೋ ವರ್ಷದ ಹಿಂದೆ ಅವನು ಬೇರೆ ಸಭೆಗೆ ಸೇರಿ, ಕೂಸಿದ್ದಾಗ ಕೊಟ್ಟ ದೀಕ್ಷಾಸ್ನಾನ ನಡೆಯುವುದಿಲ್ಲವೆಂದು, ನೀರಿನಲ್ಲಿ ಮುಳುಗಿ ಹೊಸದಾಗಿ ದೀಕ್ಷೆ ತೆಗೆದುಕೊಂಡ. "ಹಂಗಾರ ಅವ್ವ ಅಪ್ಪ ಮಾಡಿಸಿದ್ದು ಸುಳ್ಳೇನು?" ಎಂದು ಇವರು ಕೇಳಿದರು. ಅವನು ಹೌದೆಂದ. ಅಣ್ಣ ತಮ್ಮಂದಿರ ಮಾತು ಅಂದೇ ಮುಗಿಯಿತು.

ಎರಡು ವರ್ಷದ ಹಿಂದೆ ಮಾಸ್ತರರಿಗೆ ಲಕ್ವಾ ಹೊಡೆಯಿತು. ಬಲಗಾಲು ಎಳೆದುಕೊಂಡು ನಡೆಯುವಷ್ಟು ಸುಧಾರಿಸಿದರು. ಮಾತು ಮಾತ್ರ ಪೂರ್ತಿ ಹೋಯಿತು. ನೀರು ಬೇಕಾದರೂ ಎಡಗೈಯಿಂದ ಲೋಟ ಬಡಿಯಬೇಕು. ಇನ್ನು ಮಾತು ಬರುವುದಿಲ್ಲ ಎಂದು ದವಾಖಾನೆಯವರು ಹೇಳಿಬಿಟ್ಟರು. ಅಂದಿನಿಂದ ಮನೆಯ ಪ್ರಾರ್ಥನೆ ನನ್ನ ಪಾಲಿಗೆ ಬಂತು. ನಾನು ಚಿಕ್ಕದಾಗಿ ಮುಗಿಸುತ್ತಿದ್ದೆ. ಸಾರು ಬಿಸಿಯಾಗಿಯೇ ಇರುತ್ತಿತ್ತು, ಆದರೆ ರುಚಿಸುತ್ತಿರಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಏನಾದರೂ ತೀರ್ಮಾನ ಮಾಡಬೇಕಾದರೆ ನಮ್ಮಲ್ಲಿ ದೇವರ ಮುಂದೆ ಕುಳಿತು ಕೇಳುತ್ತೇವೆ. ಯಾವ ಕಡೆ ಮನಸ್ಸಿಗೆ ಸಮಾಧಾನ ಸಿಗುತ್ತದೋ ಅದೇ ದೇವರ ದಾರಿ ಎಂದು ಹಿಡಿಯುತ್ತೇವೆ. ನನಗೆ ಯಾವಾಗಲೂ ನನಗೆ ಬೇಕಾದ ಕಡೆಗೇ ಸಮಾಧಾನ ಸಿಗುತ್ತಿತ್ತು. ಹೊಸ ಮಿಕ್ಸರ್ ಕೊಳ್ಳಲಿಕ್ಕೂ ದೇವರು ಒಪ್ಪಿದ್ದ. ಮಾಸ್ತರರು ಒಳಗೊಳಗೇ ನಗುತ್ತಿದ್ದರು.

ಆ ರಾತ್ರಿ ಕ್ಯಾರಲ್ ಹಾಡುವವರು ಬಂದರು. ಕ್ರಿಸ್ಮಸ್ಸಿಗೆ ಮುಂಚೆ ನಮ್ಮವರು ಜೀಪು ಮಾಡಿಕೊಂಡು, ಡೋಲು ಬಡಿಯುತ್ತಾ, ನರಗುಂದ, ರೋಣ, ಗಜೇಂದ್ರಗಡದ ಕಡೆ ಅಲ್ಲೊಂದು ಇಲ್ಲೊಂದು ಇರುವ ಕ್ರೈಸ್ತರ ಮನೆಗಳಿಗೆಲ್ಲ ಹೋಗಿ ಹಾಡುವುದು ರೂಢಿ. ಮೊದಲಿನಿಂದಲೂ ಈ ಗುಂಪನ್ನು ಕರೆದುಕೊಂಡು ಹೋಗುತ್ತಿದ್ದವರು ಮಾಸ್ತರರೇ. ಅಂದು ಅವರು ಶಾಲು ಹೊದ್ದು ಕುರ್ಚಿಯಲ್ಲಿ ಕುಳಿತು, ಎಡಗೈಯಿಂದ ತಾಳ ಹಾಕುತ್ತಿದ್ದರು. ನಾನೂ ಸೊಸೆ ಸರೋಜಾಳೂ ಚಹಾ ಕೊಡುವ ಗಡಿಬಿಡಿಯಲ್ಲಿದ್ದೆವು. ಜೀಪು ಹೋಯಿತು. ಒಳಗೆ ಬಂದು ನೋಡಿದರೆ ಕುರ್ಚಿ ಖಾಲಿ.

ಹಳೆಯ ಹುರುಪಿನಲ್ಲಿ ಜೀಪು ಹತ್ತಿರಬೇಕು ಎಂದುಕೊಂಡೆವು. ನನಗಂತೂ ಖುಷಿಯೇ ಆಯಿತು, ಹೋಗಿ ಬರಲಿ ಎಂದೆ. ಹಾಡುವವರು ನೋಡಿದರೆ ಮಾಸ್ತರರು ಮನೆಯಲ್ಲೇ ಉಳಿದರೆಂದು ತಿಳಿದಿದ್ದಾರೆ. ಡೋಲಿನ ಸದ್ದಿನಲ್ಲಿ ಅವರಿಗೆ ಫೋನು ಕೇಳಿಸಲಿಲ್ಲ. ಹೊತ್ತಾದರೂ ಸುದ್ದಿ ಇಲ್ಲವೆಂದು ಮಗ ಪ್ರಕಾಶ ಮೋಟರ್‌ಸೈಕಲ್ ಹತ್ತಿ ರೋಣದಲ್ಲಿ ಜೀಪು ಹಿಡಿಯುವ ಹೊತ್ತಿಗೆ ಊರೆಲ್ಲ ಮಲಗಿತ್ತು. ಅಲ್ಲಿಂದ ಫೋನು ಮಾಡಿದ.

"ಅವ್ವಾ... ಅಪ್ಪ ಜೀಪಿನ್ಯಾಗಿಲ್ಲ. ಹತ್ತೇ ಇಲ್ಲಂತ."

ಚಳಿ ಎಲುಬಿಗೆ ಹೋಗುತ್ತಿತ್ತು. ಮಾತು ಬಾರದ, ಕಾಲು ಎಳೆಯುವ ಮುದುಕ. ಬಿದ್ದರೆ ಕೂಗಲೂ ಆಗದು. ಕಡಲೆ ಬೆಳೆಗೆಂದು ಕಾಲುವೆಗೆ ಬೇರೆ ನೀರು ಬಿಟ್ಟಿದ್ದರು.

ನಾನು ಅಡುಗೆಮನೆಯಲ್ಲೇ ಮೊಣಕಾಲೂರಿದೆ. ತಂದೆಯೇ, ಯಾವ ದಾರಿ? ಒಂದು ಕಡೆ ತೋರಿಸು. ಮನಸ್ಸು ಯಾವ ಕಡೆಗಾದರೂ ಹಗುರಾದೀತೇನೋ ಎಂದು ಕಾದೆ. ಏನೂ ಇಲ್ಲ. ಪಾತ್ರೆ ಕವುಚಿಟ್ಟ ಹಾಗೆ ಒಳಗೆಲ್ಲ ಕತ್ತಲು. ಮಿಕ್ಸರಿಗೆ ಒಪ್ಪಿದ ದೇವರು ಇದಕ್ಕೆ ಬಾಯಿ ಬಿಡಲಿಲ್ಲ.

ಪಕ್ಕದ ಮನೆಯ ಮೌಲಾಸಾಬ ಬ್ಯಾಟರಿ ಹಿಡಿದು ಬಂದ. ಪಂಪು ರಿಪೇರಿ ಮಾಡುವವನು, ಮಾಸ್ತರರ ಕೈಯಲ್ಲಿ ಮಗ್ಗಿ ಕಲಿತವನು.

"ಆಯಿ, ನೀವು ಮನ್ಯಾಗ ಕುಂದರ್ರಿ. ಹೊಲದ ಕಡೆ ನಾ ನೋಡ್ತೀನಿ."

"ನನ್ನ ಗಂಡನ್ನ ಹುಡುಕಾಕ ನೀ ಹೊಂಟಿ, ನಾ ಇಲ್ಲಿ ಕುಂತು ಹಪ್ಪಳ ಕರೀಲೇನು? ನಡಿ."

ಸರೋಜಾಳನ್ನು ಮನೆಯಲ್ಲಿ ಬಿಟ್ಟು ಇಬ್ಬರೂ ಊರ ಹಿಂದಿನ ದಾರಿ ಹಿಡಿದೆವು. ಅವನು ಮುಂದೆ, ನಾನು ಹಿಂದೆ. ಎರಡೂ ಕಡೆ ಕಡಲೆ ಹೊಲ. ಆ ಗಿಡದ ಹುಳಿ ಇಬ್ಬನಿ ಸೀರೆಗೆ ಹತ್ತಿ ಕಾಲು ಚುರುಗುಡುತ್ತಿತ್ತು. ಮೂಗಿಗೆಲ್ಲ ಅದೇ ವಾಸನೆ. ದೂರದಲ್ಲಿ ಯಾರೋ ಕಾಲುವೆಗೆ ಎಂಜಿನ್ ಹಚ್ಚಿ ನೀರು ಎತ್ತುತ್ತಿದ್ದರು... ಡಗ ಡಗ ಡಗ...

ದಾರಿ ಒಡೆಯುವಲ್ಲಿ ನಿಂತೆವು. ಒಂದು ಮತ್ತೆ ಡಾಂಬರು ರಸ್ತೆಗೆ ಕೂಡುತ್ತದೆ, ಇನ್ನೊಂದು ಕಾಲುವೆಗೆ.

ಎಂಜಿನ್ ನಿಂತಿತು.

ಆ ಮೌನ ಹೇಗಿತ್ತೆಂದರೆ, ನನ್ನ ಬಳೆ ಅಲುಗಿದ್ದು ನನಗೇ ಕೇಳಿಸಿತು. ಆಗ... ಕಾಲುವೆಯ ಕಡೆಯಿಂದ... ಮೆಲ್ಲಗೆ...

"ಕರುಣೆಯುಳ್ಳ ತಂದೆಯೇ, ಓಣಿಯ ತುದಿಯಿಂದ ಶುರು ಮಾಡುತ್ತೇನೆ..."

ಅದೇ ಧ್ವನಿ. ಎರಡು ವರ್ಷದಿಂದ ಇಲ್ಲದ ಧ್ವನಿ. ನೆಗಡಿಯಾದವರಂತೆ ಸ್ವಲ್ಪ ಮೂಗಿನಿಂದ ಬರುವ, ಮದುವೆಯಾದಾಗಿನಿಂದ ನಾನು ಕೇಳಿದ ಧ್ವನಿ. ಓಣಿ ತುದಿಯ ಬಡಿಗೇರ ಮನೆ, ಆಮೇಲೆ ಹೂಗಾರ ಮನೆ, ಆಮೇಲೆ ಮೌಲಾಸಾಬನ ಮನೆ. ಒಂದೂ ತಪ್ಪದೆ.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮೌಲಾಸಾಬ ಕಲ್ಲಿನಂತೆ ನಿಂತಿದ್ದ.

"ಕೇಳ್ತೇನೋ?" ಎಂದೆ, ಉಸಿರಿನಲ್ಲೇ.

"ಕೇಳ್ತರಿ."

"ಮಾಸ್ತರದ..."

ಅವನು ಹೌದೆನ್ನಲಿಲ್ಲ, ತಿರುಗಿ ನನ್ನ ಮುಖ ನೋಡಿದ. ಬ್ಯಾಟರಿಯ ಬೆಳಕು ಕಡಲೆ ಗಿಡಗಳ ಮೇಲೆ ಬಿದ್ದಿತ್ತು.

ಅಷ್ಟರಲ್ಲಿ ನನ್ನ ಫೋನು ಒದರಿತು. ಪ್ರಕಾಶ. ಶಾಲು ಹೊದ್ದ ಮುದುಕರೊಬ್ಬರು ಕಡೆಯ ಗಜೇಂದ್ರಗಡ ಬಸ್ಸು ಹತ್ತಿದ್ದನ್ನು ರೋಣದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನೋಡಿದ್ದರಂತೆ. ಕಾಲು ಎಳೆಯುತ್ತಿದ್ದರಂತೆ, ನಮ್ಮೂರಿನಿಂದ ಅಲ್ಲಿಗೆ ಯಾರದೋ ಗಾಡಿ ಹತ್ತಿ ಹೋಗಿರಬೇಕಂತೆ. ಎಲ್ಲರೂ ಆ ಕಡೆ ಹೋಗೋಣ, ಮೌಲಾಸಾಬನ ಗಾಡಿಯಲ್ಲಿ ನೀನೂ ಬಾ ಎಂದ.

ಯಾರಾದರೂ ಏನು ಮಾಡುತ್ತಾರೆ? ಕಣ್ಣಾರೆ ಕಂಡವರ ಮಾತು ಒಂದು ಕಡೆ. ಇನ್ನೊಂದು ಕಡೆ, ಇಲ್ಲದ ಬಾಯಿಯಿಂದ ಬರುವ ಮಾತು. ರಾತ್ರಿ ನೀರಿನ ಕಡೆ ಕರೆಯುವ ಧ್ವನಿಯ ಹಿಂದೆ ಹೋಗಬೇಡ ಎಂದು ನಮ್ಮವ್ವ ಹೇಳುತ್ತಿದ್ದಳು. ಎಲ್ಲ ಧ್ವನಿಯೂ ದೇವರದಲ್ಲ, ಪರೀಕ್ಷಿಸಿ ನೋಡಿ ಎಂದು ನಮ್ಮ ಪಾದ್ರಿಗಳೂ ಹೇಳುತ್ತಾರೆ. ಹೇಗೆ ಪರೀಕ್ಷಿಸುವುದು? ಕಾಲುವೆಯಲ್ಲಿ ಅವರಿದ್ದು ನಾನು ಗಜೇಂದ್ರಗಡಕ್ಕೆ ಹೋದರೆ? ಬಸ್ಸಿನಲ್ಲಿ ಅವರಿದ್ದು ಈ ಧ್ವನಿ ನನ್ನನ್ನೇ ನೀರಿಗೆ ಎಳೆದರೆ? ತಂದೆಯೇ, ಇದು ನಿನ್ನದೋ ಅಲ್ಲವೋ ಅಷ್ಟು ಹೇಳು... ಇನ್ನೇನೂ ಕೇಳುವುದಿಲ್ಲ, ಸಾಯುವ ತನಕ ಏನೂ ಕೇಳುವುದಿಲ್ಲ.

ಧ್ವನಿ ಓಣಿಯ ಕೊನೆಯ ಮನೆಗೆ ಬಂದಿತ್ತು. ಅಲ್ಲಿಗೆ ಆಮೆನ್ ಬರಬೇಕು. ಬರಲಿಲ್ಲ. ಸ್ವಲ್ಪ ತಡೆದು...

"ನನ್ನ ತಮ್ಮ ಪೇತ್ರಪ್ಪ. ಅವನ ಮೇಲೆ ನಿನ್ನ ಕೈ ಇಡು. ನನ್ನ ಕೈ ಬಿಗಿಯಾಗಿಯೇ ಉಳಿಯಿತು."

ಅವರ ಧ್ವನಿಯನ್ನು ಯಾವುದೋ ದೆವ್ವ ಕದ್ದಿರಬಹುದು. ಆದರೆ ಕದ್ದದ್ದಾದರೆ ಅವರು ಹೇಳುತ್ತಿದ್ದುದನ್ನೇ ಹೇಳಬೇಕಿತ್ತು. ಅವರು ಎಂದೂ ಹೇಳದ ಹೆಸರು ಎಲ್ಲಿಂದ ಬಂತು? ಕೆಟ್ಟದ್ದು ಯಾಕಾದರೂ ಮುನಿಸಿಕೊಂಡ ತಮ್ಮನಿಗಾಗಿ ಬೇಡೀತು?

ಆಗಲೇ ತಲೆಗೆ ಹೊಳೆಯಿತು. ಪೇತ್ರಪ್ಪ ಮುಳುಗಿ ದೀಕ್ಷೆ ತೆಗೆದುಕೊಂಡದ್ದು ಇದೇ ಕಾಲುವೆಯಲ್ಲಿ, ತೂಬಿನ ಹತ್ತಿರದ ಮೆಟ್ಟಿಲಿನಲ್ಲಿ. ಅಣ್ಣ ತಮ್ಮ ಕೊನೆಯ ಮಾತಾಡಿದ್ದೂ ಅಲ್ಲೇ.

"ತೂಬಿನ ಕಡೆ ನಡಿ," ಎಂದೆ. "ಪ್ರಕಾಶ ಬಸ್ಸು ನೋಡ್ಲಿ."

"ಆಯಿ, ನೀವು ಇಲ್ಲೇ ನಿಂದರ್ರಿ..."

"ನಡೀಯೋ, ನಿನ್ನ ಕೈ ಮುಗೀತೀನಿ."

ಓಡಿದೆವು. ನನ್ನ ಒಂದು ಚಪ್ಪಲಿ ಎರೆಮಣ್ಣಿನಲ್ಲಿ ಉಳಿಯಿತು. ನಾವು ಹತ್ತಿರವಾದಂತೆ ಧ್ವನಿ ಜೋರಾಗಲಿಲ್ಲ, ಸಣ್ಣದೂ ಆಗಲಿಲ್ಲ. ಮೊದಲು ಎಷ್ಟು ದೂರವಿತ್ತೋ ಅಷ್ಟೇ ದೂರ... ದಂಡೆ ಹತ್ತಿದಾಗ ನಿಂತುಹೋಯಿತು.

ಮೌಲಾಸಾಬ ಬೆಳಕು ಬಿಟ್ಟ. ಮಾಸ್ತರರು ಮೆಟ್ಟಿಲಿನ ಮೇಲೆ ಕುಳಿತಿದ್ದರು. ಸೊಂಟದವರೆಗೆ ನೀರು. ಎಡಗೈ ತೂಬಿನ ಕಬ್ಬಿಣದ ಸರಳನ್ನು ಹಿಡಿದಿತ್ತು, ಶಾಲು ನೀರಿನಲ್ಲಿ ಬಿಚ್ಚಿಕೊಂಡು ಎಳೆಯುತ್ತಿತ್ತು. ಬೆರಳು ಒಂದೊಂದಾಗಿ ಸಡಿಲುತ್ತಿದ್ದವು. ಮೌಲಾಸಾಬ ಬಟ್ಟೆ ಸಮೇತ ಇಳಿದು, ಮಗುವನ್ನು ಎತ್ತಿದಂತೆ ಎತ್ತಿದ.

ಜೀವವಿತ್ತು. ಮೈ ಮಂಜುಗಡ್ಡೆ. ನನ್ನ ಸೀರೆಯ ಸೆರಗಿನಲ್ಲಿ ಅವರ ಮುಖ ಒರೆಸಿ, ಕಿವಿಗೆ ಬಾಯಿಟ್ಟು ಕೇಳಿದೆ.

"ಈಗ ಪ್ರಾರ್ಥನಾ ಮಾಡಿದವ್ರು ನೀವ ಏನ್ರಿ?"

ನನ್ನನ್ನು ನೋಡಿದರು. ತುಟಿ ಅಲುಗಿತು. ಗಾಳಿ ಬಂತು. ಬರೀ ಗಾಳಿ.

ಬಸ್ಸಿನ ಮುದುಕರು ಬೇರೆ ಯಾರೋ ಎಂದು ಬೆಳಗಿನ ಹೊತ್ತಿಗೆ ಗೊತ್ತಾಯಿತು. ನಾನು ಪೇತ್ರಪ್ಪನಿಗೆ ಫೋನು ಮಾಡಿಸಿದೆ. ಅವನು ಮೊದಲ ಬಸ್ಸಿಗೇ ಬಂದ. ಅಣ್ಣನ ಕಾಲ ಬಳಿ ಕುಳಿತು ಪಾದ ತಿಕ್ಕಿ ಬಿಸಿ ಮಾಡಿದ. ಈಗ ವಾರಕ್ಕೊಮ್ಮೆ ಬರುತ್ತಾನೆ. ಅದು ದೇವದೂತನ ಧ್ವನಿ ಎಂದು ಅವನು ಹೇಳುತ್ತಾನೆ. ಪಾದ್ರಿಗಳು ಪವಿತ್ರಾತ್ಮ ಎನ್ನುತ್ತಾರೆ. ಸರೋಜಾ ಚಳಿ ಮತ್ತು ಗಾಬರಿ ಎನ್ನುತ್ತಾಳೆ. ದವಾಖಾನೆಯವರು ಗಂಟಲು ನೋಡಿ, ಆ ಬಾಯಿಯಿಂದ ಮಾತು ಬಂದಿರಲು ಸಾಧ್ಯವೇ ಇಲ್ಲ ಎಂದರು.

ನಾನು ದೇವರದೇ ಎಂದು ಒಪ್ಪಿಕೊಂಡು ಹಾಯಾಗಿರುತ್ತಿದ್ದೆನೋ ಏನೋ. ಆದರೆ ಯುಗಾದಿಗೆ ಸ್ವಲ್ಪ ಮುಂಚೆ ಮೌಲಾಸಾಬ ಚಹಾಕ್ಕೆ ಬಂದಿದ್ದಾಗ ಕೇಳಿಬಿಟ್ಟೆ. ಅವತ್ತು ನಾನು ಮಾಸ್ತರರ ಧ್ವನಿ ಅಂದಾಗ ನೀನೇಕೆ ಹೌದೆನ್ನಲಿಲ್ಲ?

ಅವನು ಬಟ್ಟಲು ಕೆಳಗಿಟ್ಟ.

"ಹೆಸರೆಲ್ಲಾ ನಂಗೂ ಕೇಳ್ತು ಆಯಿ. ನಮ್ಮ ಮನಿ ಹೆಸರು, ಕಡೀಕ ಪೇತ್ರಪ್ಪನ ಹೆಸರು. ಆದ್ರ ಅದು ಮಾಸ್ತರ ಧ್ವನಿ ಆಗಿರ್ಲಿಲ್ಲ."

"ಮತ್ತ ಯಾರದು?"

"ನಿಮ್ದು. ನೀವು ನನ್ನ ಹಿಂದ ಬಾಯಾಗ ಸೆರಗ ಇಟ್ಕೊಂಡು ನಿಂತಿದ್ರಿ. ನಿಮ್ಮ ಧ್ವನಿ ಮುಂದ ಕೆನಾಲದಿಂದ ಬರ್ತಿತ್ತು. ಅದಕ್ಕ ಇಲ್ಲೇ ನಿಂದರ್ರಿ ಅಂದೆ... ಅಲ್ಲಿ ಹೋದ್ರ ಇನ್ನೊಬ್ಬ ಆಯಿನ್ನ ನೋಡ್ಬೇಕಾಗ್ತದೇನೋ ಅಂತ ಅಂಜಿಕಿ ಬಂದಿತ್ತು."

ಇನ್ನು ಏನೂ ಕೇಳುವುದಿಲ್ಲ ಎಂದು ಆ ರಾತ್ರಿ ದೇವರಿಗೆ ಮಾತು ಕೊಟ್ಟಿದ್ದೆ. ಅದನ್ನು ಉಳಿಸಿಕೊಳ್ಳಲಾಗಿಲ್ಲ, ಮನೆ ಮಂದಿ ಊಟಕ್ಕೆ ಕುಳಿತಾಗ ನಾನೇ ಪ್ರಾರ್ಥಿಸಬೇಕು. ಆದರೆ ಮೊದಲ ಮಾತು ಹೇಳಿ ಸುಮ್ಮನಾಗುತ್ತೇನೆ. ಸೊಸೆಗೆ ಮರೆವು ಎಂದು ಹೇಳಿದ್ದೇನೆ, ನಂಬಿದ್ದಾಳೆ. ಮರೆವಲ್ಲ. ಮುಂದಿನ ಮಾತನ್ನು ನನ್ನ ಧ್ವನಿಯಲ್ಲಿ, ಹೊರಗಿನಿಂದ, ಬೇರೆ ಯಾರಾದರೂ ಹೇಳುತ್ತಾರೇನೋ ಎಂದು ಕಿವಿಗೊಟ್ಟು ನೋಡುತ್ತೇನೆ.