ಆಯುಧಪೂಜೆಯ ದಿನದ ತರಬೇತಿ

ನಮ್ಮ ಸಮುದಾಯ ಕಾರ್ಯಾಗಾರಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಸಿಗುತ್ತಿದ್ದ ಉಪಕರಣವೆಂದರೆ ಶಾಲು. ಅನಂತರ ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ, ಕಾರ್ಯದರ್ಶಿಯ ಭಾಷಣ, ಕೊನೆಗೆ ಆ ಇಬ್ಬರೂ ಹೇಳಿದ್ದನ್ನೇ ಮತ್ತೆ ಹೇಳುವ ವಂದನಾರ್ಪಣೆ. ಫೋಟೊ ತೆಗೆಯುವುದನ್ನು ಯಾರೂ ಮರೆಯುತ್ತಿರಲಿಲ್ಲ. ಯಂತ್ರ ತೋರಿಸುವುದನ್ನು ಯಾರೂ ನೆನಪಿಸಿಕೊಳ್ಳುತ್ತಿರಲಿಲ್ಲ.

ಕಾರ್ಯಾಗಾರ ಇರುವುದು ಮಲವಗೊಪ್ಪದಲ್ಲಿ, ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಬದಿಯ ತಗಡಿನ ಶೆಡ್ಡಿನಲ್ಲಿ. ಮರ, ಲೋಹಗಳನ್ನು ತಿರುಗಿಸಿ ಕಡೆಯುವ ಲೇತು, ಡ್ರಿಲ್ಲು, ವೆಲ್ಡಿಂಗ್ ಸೆಟ್ಟು, ಮರಗೆಲಸದ ಎರಡು ಬೆಂಚು ಅಲ್ಲಿವೆ. ಸದಸ್ಯರಾದವರು ಯಾರು ಬೇಕಾದರೂ ಬಂದು ತಮ್ಮ ಕೆಲಸ ತಾವೇ ಮಾಡಿಕೊಳ್ಳಬಹುದು ಎಂಬುದು ಅದರ ಉದ್ದೇಶ. ಸ್ಥಾಪನೆಯಲ್ಲಿ ಎರಡೂ ಊರಿನವರ ಪಾಲಿತ್ತು. ಭದ್ರಾವತಿಯ ನಿವೃತ್ತ ಕಾರ್ಮಿಕರು ಯಂತ್ರಗಳನ್ನು ತಂದರು, ಶಿವಮೊಗ್ಗದ ನಿವೃತ್ತ ಅಧಿಕಾರಿಗಳು ಸಮಿತಿಯನ್ನು ತಂದರು. ಯಂತ್ರಗಳು ಆಗಾಗ ಕೆಡುತ್ತಿದ್ದವು. ಸಮಿತಿ ಒಂದು ದಿನವೂ ನಿಂತದ್ದಿಲ್ಲ.

ನಾನು ರವೀಂದ್ರನಗರದಿಂದ ಅಲ್ಲಿಗೆ ಹೋದದ್ದು ಒಂದು ಸಣ್ಣ ಅಗತ್ಯಕ್ಕೆ. ವೃತ್ತಿಯಲ್ಲಿ ಶಾಸನಗಳನ್ನು ಓದಿದವನು ನಾನು. ಕಲ್ಲಿನ ಮೇಲಿನ ಬರಹವನ್ನು ಕಾಗದದ ಮೇಲೆ ತೆಗೆದ ಅಚ್ಚುಪ್ರತಿಗಳು ಮನೆಯಲ್ಲಿ ರಾಶಿ ಬಿದ್ದಿದ್ದವು. ಅವನ್ನು ಸುತ್ತಿಡಲು ಮರದ ಉರುಳೆಗಳು ಬೇಕಿದ್ದವು. ಲೇತಿನಲ್ಲಿ ನಾನೇ ಕಡೆದುಕೊಳ್ಳೋಣವೆಂದುಕೊಂಡೆ. ಅದೇ ದಿನ ಸದಸ್ಯರಾದವರು ಒಟ್ಟು ಐವರು. ಅವರಲ್ಲಿ ಒಬ್ಬಳು ಭದ್ರಾವತಿ ನ್ಯೂಟೌನಿನ ಹೆಂಗಸು, ನಲವತ್ತರ ಆಸುಪಾಸು. ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ದುರಸ್ತಿ ಮಾಡುವುದು ಅವಳ ಕಸುಬು. ಹಳೆಯ ಯಂತ್ರಗಳ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಲೇತಿನವರ ಬಳಿ ಮಾಡಿಸಲು ಹೋದರೆ ಸಣ್ಣ ಕೆಲಸವೆಂದು ವಾರಗಟ್ಟಲೆ ಅಲೆಸುತ್ತಾರೆ. ಅಷ್ಟರಲ್ಲಿ ಗಿರಾಕಿ ಬೇರೆಯವರನ್ನು ಹುಡುಕಿಕೊಳ್ಳುತ್ತಾನೆ. ಲೇತು ಕೈಗೆ ಬಂದರೆ ಕಸುಬು ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ಶಾಲು ಹೊದಿಸಿಕೊಂಡ ಮರುಕ್ಷಣವೇ ಅವಳು ಕೇಳಿದಳು: “ಸಾರ್, ಶಾಲು ಇರ್ಲಿ. ಲೇತ್ ಯಾವತ್ತು ಹೇಳ್ಕೊಡ್ತೀರಿ?”

ಕಾರ್ಯದರ್ಶಿ ನಕ್ಕರು. ಸರ್ಕಾರಿ ಕಚೇರಿಯೊಂದರಲ್ಲಿ ಬಹುಕಾಲ ಕಡತ ಕಾಯ್ದು ನಿವೃತ್ತರಾದವರು. ನಗುವಿಗೂ ಮೇಲಧಿಕಾರಿಯ ಒಪ್ಪಿಗೆ ಬೇಕೆಂಬಂತೆ ನಗುತ್ತಿದ್ದರು. “ಎಲ್ಲಾ ಪ್ರೊಸೀಜರ್ ಪ್ರಕಾರ ಆಗತ್ತಮ್ಮ. ಮೊದ್ಲು ಫೋಟೊಗೆ ನಿಂತ್ಕೊ ಮಾರಾಯ್ತಿ.”

ಅನಂತರ ಅವರು ನಮ್ಮನ್ನು ಶೆಡ್ಡಿನ ಸುತ್ತ ಕರೆದೊಯ್ದರು. “ಇದು ಲೇತು. ಇದು ಡ್ರಿಲ್ಲು. ಅದು ಟಾಯ್ಲೆಟ್ಟು, ಫ್ಲಶ್ ಎರಡ್ ಸಲ ಎಳೀಬೇಕು, ನಡುವೆ ಸ್ವಲ್ಪ ಹೊತ್ತು ಬಿಡ್ಬೇಕು.” ಆ ಕಟ್ಟಡದಲ್ಲಿ ಬಳಕೆಯ ಕ್ರಮವನ್ನು ನಮಗೆ ವಿವರಿಸಿದ ಸಾಧನ ಅದೊಂದೇ.

ಕಲಿಸಬೇಕಾದವರು ಇರಲಿಲ್ಲವೆಂದಲ್ಲ. ಭದ್ರಾವತಿಯ ಓಲ್ಡ್ ಟೌನಿನಿಂದ ಬರುತ್ತಿದ್ದ ಹಿರಿಯ ಟರ್ನರ್ ಒಬ್ಬರಿದ್ದರು, ಕಾರ್ಖಾನೆಯ ಲೇತಿನ ಮುಂದೆ ಸರ್ವಿಸ್ ಪೂರ್ತಿ ನಿಂತವರು. ಅವರ ಕೈಯಲ್ಲಿ ಉಕ್ಕು ಬಾಳೆಹಣ್ಣಿನಂತೆ ಸುಲಿದುಬರುತ್ತಿತ್ತು. ಆದರೆ ಬಾಯಿ ಬಿಡುತ್ತಿರಲಿಲ್ಲ. ಅವರಿಗೆ ಅವರ ಗುರು ಹೇಳಿಕೊಟ್ಟಿರಲಿಲ್ಲವಂತೆ, ಆ ಗುರುವಿಗೆ ಅವರ ಗುರುವೂ ಹೇಳಿಕೊಟ್ಟಿರಲಿಲ್ಲವಂತೆ. ಹೀಗೆ ಮೌನವೊಂದು ತಲೆಮಾರುಗಳಿಂದ ಅಖಂಡವಾಗಿ ಹರಿದುಬಂದು ಸಂಪ್ರದಾಯವೆಂಬ ಹೆಸರು ಪಡೆದಿತ್ತು. ಹೆಂಗಸು ಹತ್ತಿರ ಹೋಗಿ ನಿಂತರೆ ಬೆನ್ನು ಅಡ್ಡ ಮಾಡುತ್ತಿದ್ದರು.

“ಒಂಚೂರು ಪಕ್ಕಕ್ಕೆ ನಿಂತ್ಕೊಳ್ಳಿ ಅಣ್ಣ, ಏನೂ ಕಾಣ್ತಿಲ್ಲ.”

“ಕಂಡಷ್ಟು ಕಲಿ ತಾಯಿ. ನಾವೂ ಹಂಗೇ ಕಲ್ತಿದ್ದು.”

ಅಷ್ಟರಲ್ಲಿ ನವರಾತ್ರಿ ಬಂತು. ಮಹಾನವಮಿಯಂದು ನಡೆಯುವ ಆಯುಧಪೂಜೆ ನಮ್ಮ ಶೆಡ್ಡಿನ ಅತಿ ದೊಡ್ಡ ಹಬ್ಬ. ಲೇತಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಸ್ವಿಚ್ಚಿನ ಮೇಲೂ ಕುಂಕುಮ ಇಟ್ಟರು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ಪೂಜೆಗಿಟ್ಟ ಉಪಕರಣವನ್ನು ಮರುದಿನ ದಶಮಿಯ ಪೂಜೆಯಾಗುವ ತನಕ ಯಾರೂ ಮುಟ್ಟುವಂತಿಲ್ಲ. ಎರಡೂ ಊರಿನವರು ತಕರಾರಿಲ್ಲದೆ ಪಾಲಿಸುತ್ತಿದ್ದ ನಿಯಮ ಇದೊಂದೇ ಎನ್ನಬೇಕು. ಮಂಗಳಾರತಿಯ ನಂತರ ದೊನ್ನೆಯಲ್ಲಿ ಕಡಲೆ ಉಸಲಿ ಹಂಚುತ್ತ, ಕಾರ್ಯದರ್ಶಿ ಹೊಸ ಸದಸ್ಯರ ಮುಂದೆ ಒಂದು ರಿಜಿಸ್ಟರು ಹಿಡಿದರು. “ಇಲ್ಲೊಂದು ಸಹಿ ಹಾಕ್ಬಿಡಿ, ಒಳ್ಳೆ ದಿನ.” ಎಡಗೈಯಲ್ಲಿ ದೊನ್ನೆ, ಬಲಗೈಯಲ್ಲಿ ಪೆನ್ನು. ಐವರೂ ಸಹಿ ಮಾಡಿದೆವು. ಯಾವುದಕ್ಕೆಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಉಸಲಿ ಬಿಸಿಯಾಗಿತ್ತು.

ಕಾರ್ತಿಕದ ಒಂದು ಶನಿವಾರ ಬೆಳಿಗ್ಗೆ ಟರ್ನರ್ ಚಹಾಕ್ಕೆ ಹೊರಗೆ ಹೋಗಿದ್ದರು. ನಾನು ಮರದ ಬೆಂಚಿನ ಬಳಿ ಇದ್ದೆ. ಹೆಂಗಸು ಒಂದು ಕಬ್ಬಿಣದ ತುಂಡನ್ನು ಲೇತಿಗೆ ಸಿಕ್ಕಿಸಿದಳು. ಲೇತಿನಲ್ಲಿ ತುಂಡನ್ನು ಹಲ್ಲುಗಳಿಂದ ಕಚ್ಚಿ ಹಿಡಿದು ತಿರುಗುವ ದುಂಡನೆಯ ತಲೆಗೆ ಚಕ್ ಎನ್ನುತ್ತಾರೆ. ಅದನ್ನು ಬಿಗಿಯಲು ಗೇಣುದ್ದದ ಒಂದು ದಪ್ಪ ಕೀಲಿಯಿದೆ. ಬಿಗಿದ ಕೂಡಲೇ ಕೀಲಿಯನ್ನು ಹೊರಗೆ ತೆಗೆಯಬೇಕು. ಅದು ಇರಬೇಕಾದದ್ದು ಕೈಯಲ್ಲಿ, ಇಲ್ಲವೇ ಗೋಡೆಯ ಕೊಕ್ಕೆಯಲ್ಲಿ. ಇದು ಲೇತಿನ ಅ ಆ ಇ ಈ. ಆ ದಿನದವರೆಗೆ ನನಗಾಗಲಿ ಅವಳಿಗಾಗಲಿ ಇದನ್ನು ಯಾರೂ ಹೇಳಿರಲಿಲ್ಲ. ಕೀಲಿ ಚಕ್ಕಿನಲ್ಲೇ ಉಳಿಯಿತು. ಅವಳು ಸ್ವಿಚ್ಚು ಒತ್ತಿದಳು. ಕೀಲಿ ಹಾರಿ ಅವಳ ಎಡ ಮಣಿಕಟ್ಟಿಗೆ ಬಡಿದು, ಹಿಂದಿನ ತಗಡಿನ ಗೋಡೆಗೆ ಅಪ್ಪಳಿಸಿತು.

ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಗೆ ಹೋಗುವ ಕಾರಿನಲ್ಲಿ ಅವಳು ಹಲ್ಲು ಕಚ್ಚಿಕೊಂಡು ಕೇಳಿದ್ದು: “ಲೇತಿಗೇನೂ ಆಗಿಲ್ವಲ್ಲ ಸಾರ್?”

ಮರುದಿನ ಭಾನುವಾರ ಸಮಿತಿಯ ತುರ್ತು ಸಭೆ. ತುರ್ತು ಇದ್ದದ್ದು ಅವಳ ಕೈಯ ಬಗ್ಗೆ ಅಲ್ಲ. ‘ತರಬೇತಿ ಪಡೆದ ಸದಸ್ಯೆಯ ಬೇಜವಾಬ್ದಾರಿ’ಗಾಗಿ ಸದಸ್ಯತ್ವ ರದ್ದು ಮಾಡುವ ನಿರ್ಣಯವನ್ನು ಕಾರ್ಯದರ್ಶಿ ಅಚ್ಚುಕಟ್ಟಾಗಿ ಟೈಪು ಮಾಡಿಸಿ ತಂದಿದ್ದರು. ಅವಳು ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಟರ್ನರ್ ಬಾಗಿಲ ಬಳಿ ನಿಂತಿದ್ದರು.

“ನಂಗೆ ಯಾರೂ ಏನೂ ಕಲ್ಸಿಲ್ಲ,” ಎಂದಳು.

ಕಾರ್ಯದರ್ಶಿ ರಿಜಿಸ್ಟರು ಬಿಚ್ಚಿ ಬೆರಳಿಟ್ಟರು. “ರೆಕಾರ್ಡ್ ಇದೆಯಲ್ಲಮ್ಮ. ‘ಲೇತ್ ತರಬೇತಿ ಪಡೆದಿರುತ್ತೇನೆ.’ ಸಹಿ ನಿಂದೋ ಅಲ್ವೋ?”

“ನಂದೇ. ಉಸ್ಲಿ ಕೊಟ್ರಿ, ಸಹಿ ಹಾಕು ಅಂದ್ರಿ, ಹಾಕ್ದೆ. ಉಸ್ಲಿ ತಿಂದಿದ್ದು ಅಂತ ಬರ್ಕೊಂಡಿದ್ದೀರಿ ಅಂದ್ಕೊಂಡೆ.”

ಕೆಲವರು ನಕ್ಕರು. ಅಧ್ಯಕ್ಷರು ನಗಲಿಲ್ಲ. “ಸಹಿ ಅಂದ್ರೆ ಸಹಿ,” ಎಂದು ಅಪ್ಪಣೆ ಕೊಡಿಸಿದರು. ಇಂಥ ವಾಕ್ಯಗಳನ್ನು ಹೇಳಲೆಂದೇ ಅವರನ್ನು ಅಧ್ಯಕ್ಷರನ್ನಾಗಿ ಮಾಡಲಾಗಿತ್ತು.

ನಾನು ರಿಜಿಸ್ಟರು ಕೇಳಿ ತೆಗೆದುಕೊಂಡೆ. ದಾನಪತ್ರವೊಂದು ಕೈಗೆ ಬಂದರೆ ನಾವು ಮೊದಲು ದಾನಿಯ ಹೊಗಳಿಕೆ ಓದುವುದಿಲ್ಲ. ತಿಥಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಲೆಕ್ಕ ಹಾಕುತ್ತೇವೆ. ಕೂಟಶಾಸನ, ಎಂದರೆ ಖೋಟಾ ಶಾಸನ, ಬರೆಯುವವನು ರಾಜನ ಬಿರುದುಗಳನ್ನು ತಪ್ಪಿಲ್ಲದೆ ನಕಲು ಮಾಡಿ ದಿನಾಂಕದಲ್ಲಿ ಸಿಕ್ಕಿಬೀಳುತ್ತಾನೆ. ಆ ಪುಟದ ಐದೂ ಸಾಲುಗಳಲ್ಲಿ ಒಂದೇ ದಿನಾಂಕವಿತ್ತು, ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿ. ‘ತರಬೇತುದಾರ’ ಎಂಬಲ್ಲಿ ಟರ್ನರ್ ಅವರ ಹೆಸರು. ಐದನೆಯ ಸಾಲು ನನ್ನದು.

ಗೋಡೆಯ ಕ್ಯಾಲೆಂಡರ್ ನೋಡಿದೆ. ಅನುಮಾನ ಬಂತು, ಆದರೆ ಒಂದೇ ಆಧಾರದ ಮೇಲೆ ಮಾತಾಡುವುದು ನನ್ನ ರೂಢಿಯಲ್ಲ. ನಿರ್ಣಯವನ್ನು ಒಂದು ವಾರ ಮುಂದೂಡಲು ಕೇಳಿಕೊಂಡೆ. ಮುಂದೂಡುವುದಕ್ಕೆ ಆ ಸಮಿತಿ ಎಂದೂ ಇಲ್ಲವೆಂದದ್ದಿಲ್ಲ.

ಆ ವಾರ ಎರಡು ಪಂಚಾಂಗಗಳನ್ನು ತಾಳೆ ನೋಡಿದೆ. ನನ್ನ ದಿನಚರಿ ತೆಗೆದೆ. ಕಾರ್ಯಾಗಾರದ ವಾಟ್ಸಾಪ್ ಗುಂಪಿಗೆ ಕಾರ್ಯದರ್ಶಿಯೇ ಅಂದು ಹಾಕಿದ್ದ ಫೋಟೊಗಳನ್ನು ಸಮಯಸಹಿತ ನೋಡಿದೆ. ಸಂಶಯಕ್ಕೆ ಎಡೆ ಉಳಿಯಲಿಲ್ಲ. ಉಳಿದದ್ದು ಬೇರೊಂದು ಮುಜುಗರ. ಶತಮಾನಗಳ ಹಿಂದೆ ಸತ್ತವರ ಸುಳ್ಳು ಸಹಿಗಳನ್ನು ಹಿಡಿದು ಲೇಖನ ಬರೆದವನು, ನನ್ನ ಮೂಗಿನಡಿಯ ಸುಳ್ಳಿಗೆ ಕಡಲೆ ಅಗಿಯುತ್ತ ಸಾಕ್ಷಿ ಹಾಕಿದ್ದೆ. ಅವಳ ಸಾಲು ಸುಳ್ಳೆಂದು ಹೇಳಬೇಕಾದರೆ ನನ್ನ ಸಾಲೂ ಸುಳ್ಳೆಂದು ಹೇಳಲೇಬೇಕಿತ್ತು. ಎರಡು ದಿನ ಅದನ್ನು ತಪ್ಪಿಸುವ ದಾರಿ ಹುಡುಕಿದೆ ಎಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ.

ಮುಂದಿನ ಭಾನುವಾರ ಸಭೆಯಲ್ಲಿ ಹೇಳಿದೆ: “ತರಬೇತುದಾರರೆಂದು ಇಲ್ಲಿ ಟರ್ನರ್ ಅವರ ಹೆಸರಿದೆ, ದಿನಾಂಕ ಮಹಾನವಮಿಯದು. ಅಂದು ಈ ಲೇತಿನ ಮೇಲೆ ಹಾರವಿತ್ತು. ನಾನು ಅದನ್ನು ಮುಟ್ಟಿಲ್ಲ, ಈಕೆಯೂ ಮುಟ್ಟಿಲ್ಲ. ನನ್ನ ಸಹಿ ಸುಳ್ಳು.”

ಕಾರ್ಯದರ್ಶಿ ಒಂದಿಷ್ಟೂ ವಿಚಲಿತರಾಗಲಿಲ್ಲ. “ಒಳ್ಳೆ ದಿನ ಅಂತ ಹಾಕಿದ್ದು ಸಾರ್. ಅಷ್ಟೇ ತಾನೆ? ಮಾರನೇ ದಿನ ಅಂತ ತಿದ್ದಿದ್ರಾಯ್ತು.” ಜೇಬಿನಿಂದ ವೈಟ್ನರ್ ಹೊರಬಂತು. ತಪ್ಪನ್ನು ತಪ್ಪೆಂದು ಒಪ್ಪುವುದಕ್ಕಿಂತ ಬಿಳಿ ಬಳಿಯುವುದು ಅವರಿಗೆ ಹೆಚ್ಚು ಅಭ್ಯಾಸವಾಗಿತ್ತು.

“ಮಾರನೇ ದಿನ ನಾನು ಊರಲ್ಲೇ ಇರಲಿಲ್ಲ. ಹುಬ್ಬಳ್ಳಿಗೆ ಹೋದ ಟಿಕೆಟು ದಿನಚರಿಯಲ್ಲಿದೆ.”

“ಹಂಗಾದ್ರೆ ಅದರ ಮಾರನೇ ದಿನ!”

ಅಲ್ಲಿದ್ದವರಿಗೆ ಇದು ಚೌಕಾಸಿಯಂತೆ ಕಂಡಿತು, ಅಷ್ಟೆ. ತರಬೇತಿಯೇ ನಡೆದಿಲ್ಲವೆಂಬ ಸತ್ಯ, ಒಬ್ಬಳ ಮೂಳೆ ಬಿರುಕು ಬಿಟ್ಟಿದೆಯೆಂಬ ಸತ್ಯ ಯಾರ ಮುಖದಲ್ಲೂ ಗೆರೆ ಮೂಡಿಸಲಿಲ್ಲ. ಕೋಪ ಬಂದದ್ದು ಟರ್ನರ್‌ಗೆ. ಅವರು ಮುಂದೆ ಬಂದು ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಮೇಲೆ ಬೆರಳು ಕುಟ್ಟಿದರು.

“ಯಾರ್ ಬರ್ದಿದ್ದು ಇದ್ನ? ಆಯುಧಪೂಜೆ ದಿನ ನಾನು ಮಿಷಿನ್ ಓಡ್ಸಿದ್ನಾ? ನಾನಾ? ಕಾರ್ಖಾನೇಲಿ ಅವತ್ತು ಜನರಲ್ ಮ್ಯಾನೇಜರ್ ಬಂದು ನಿಂತ್ರೂ ಹಾರ ತೆಗ್ದೋನಲ್ಲ ಸಾಮಿ ನಾನು!”

“ಅಣ್ಣ, ಅದು ಬರೀ ರೆಕಾರ್ಡಿಗೆ…”

“ರೆಕಾರ್ಡಲ್ಲೇ ನನ್ ಮರ್ಯಾದೆ ಕಳೀತೀರಾ? ಹೊಡೀರಿ ಅದ್ನ, ಐದ್ ಸಾಲೂ ಹೊಡೀರಿ!”

ವೈಟ್ನರ್ ಜೇಬಿಗೆ ಮರಳಿತು. ಐದೂ ಸಾಲುಗಳ ಮೇಲೆ ಗೆರೆ ಎಳೆದರು. ತರಬೇತಿ ಇಲ್ಲದ ಮೇಲೆ ಬೇಜವಾಬ್ದಾರಿಯೂ ಇಲ್ಲ; ನಿರ್ಣಯ ಬಿದ್ದುಹೋಯಿತು. ಹೆಂಗಸಿನ ಮೂಳೆ ಮಾಡಲಾರದ ಕೆಲಸವನ್ನು ಚೆಂಡುಹೂವಿನ ಹಾರ ಮಾಡಿತು. ನನ್ನ ಪಂಚಾಂಗಗಳೂ ಗೆದ್ದವೆಂದು ನಾನು ಭ್ರಮಿಸುವುದಿಲ್ಲ.

ಸಮಿತಿ ಕೂಡಲೇ ‘ಸ್ವಾಗತ ಮತ್ತು ತರಬೇತಿ ಸುಧಾರಣಾ ಉಪಸಮಿತಿ’ ರಚಿಸಿತು. ಅದರ ಮೊದಲ ಸಭೆಯಲ್ಲಿ ಚರ್ಚೆಗೆ ಬಂದ ವಿಷಯ ಶಾಲಿನ ಗುಣಮಟ್ಟ. ಎರಡನೆಯ ಸಭೆ ನಡೆದದ್ದು ನನ್ನ ಗಮನಕ್ಕೆ ಬಂದಿಲ್ಲ.

ಸುಧಾರಣೆ ನಡೆದದ್ದು ಬೇರೆ ಕಡೆ. ಸಭೆಯಾದ ಮುಂದಿನ ಶನಿವಾರ ಟರ್ನರ್ ಲೇತಿನ ಮುಂದೆ ಒಂದು ಸ್ಟೂಲು ಹಾಕಿ, ಪ್ಲಾಸ್ಟರಿನ ಕೈಯವಳನ್ನು ಕೂರಿಸಿದರು. ಬೆನ್ನು ಅಡ್ಡ ಬರಲಿಲ್ಲ. ಮೇನ್ ಸ್ವಿಚ್ಚು ಆರಿಸಿ, ಕೀಲಿಯನ್ನು ಅವಳ ಬಲಗೈಗೆ ಕೊಟ್ಟರು. “ಬಿಗಿ. ತೆಗಿ. ಕೊಕ್ಕೆಗೆ ಹಾಕು. ಇನ್ನೊಂದ್ ಸಲ.” ಇಡೀ ಬೆಳಿಗ್ಗೆ ಅಷ್ಟೇ. ಎರಡನೆಯ ಶನಿವಾರವೂ ಅಷ್ಟೇ. ತಮ್ಮ ಹೆಸರಿಗೆ ಮತ್ತೆ ಕಳಂಕ ಬರಬಾರದೆಂಬ ಅಹಂಕಾರದಿಂದ ಅವರು ಇದನ್ನು ಮಾಡಿದರೆಂದು ನನ್ನ ತಿಳಿವಳಿಕೆ. ಫಲ ಒಳ್ಳೆಯದಾದ್ದರಿಂದ ಕಾರಣವನ್ನು ಕೆದಕಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಅವಳು ತನ್ನ ಮೊದಲ ಹಿತ್ತಾಳೆಯ ಬುಷ್ ಕಡೆದಳು, ಹೊಲಿಗೆ ಯಂತ್ರದ ದಂಡ ಕೂರುವ ಉಂಗುರ. ಟರ್ನರ್ ಅದನ್ನು ಅಳೆದು, ಅವಳ ಮುಂದೆಯೇ ಮೂಲೆಗೆ ಎಸೆದರು. ಎರಡನೆಯದನ್ನೂ ಎಸೆದರು. ಮೂರನೆಯದನ್ನು ಅವಳ ಕೈಗೆ ವಾಪಸು ಕೊಟ್ಟರು. ಈಗ ಅವಳ ಗಿರಾಕಿಗಳು ಕಾಯಬೇಕಾಗಿಲ್ಲ. ಶನಿವಾರ ಟರ್ನರ್ ಬಾರದಿದ್ದರೆ ಹೊಸಬರಿಗೆ ಹೇಳಿಕೊಡುವುದೂ ಅವಳೇ. ರಿಜಿಸ್ಟರು ಅವಳ ಬಳಿಯೇ ಇರುತ್ತದೆ; ಕಲಿತು ತೋರಿಸಿದವರಿಗಷ್ಟೇ ಅದರಲ್ಲಿ ಸಹಿ. ಕಾರ್ಯದರ್ಶಿಗೆ ಅದರ ಮೇಲಿದ್ದ ಆಸಕ್ತಿ ಹೊರಟುಹೋಗಿದೆ.

ಕಳೆದ ಶನಿವಾರ ನನ್ನ ಸರದಿ ಬಂತು. ಮೇನ್ ಸ್ವಿಚ್ಚು ಆರಿಸಿ ಅವಳು ಪಕ್ಕದಲ್ಲಿ ನಿಂತಿದ್ದಳು. ನನ್ನ ಉರುಳೆಗೆಂದು ತಂದಿದ್ದ ಸಾಗುವಾನಿಯ ತುಂಡನ್ನು ಚಕ್ಕಿಗೆ ಸಿಕ್ಕಿಸಿ, ಕೀಲಿಯಿಂದ ಬಿಗಿದೆ. ಬಿಗಿತ ಪರೀಕ್ಷಿಸಿದೆ. ಕೇಂದ್ರ ನೋಡಿದೆ. ಅಂಚಿನಿಂದ ಅಂಚಿಗೆ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡೆ, ಸರಿಯಿದೆಯೇ ಎಂದು ಮತ್ತೊಮ್ಮೆ ಅಳೆದೆ. ಆಮೇಲೆ ಸ್ವಿಚ್ಚಿನ ಕಡೆ ಕೈ ಚಾಚಿದೆ.

“ಸಾರ್, ಕೀಲಿ ಎಲ್ಲಿ?”

ಕೈ ನೋಡಿಕೊಂಡೆ. ಕೊಕ್ಕೆ ನೋಡಿದೆ. ಕೀಲಿ ಚಕ್ಕಿನಲ್ಲೇ ನಿಂತಿತ್ತು.

“ಅಳತೆ ಎರಡೆರಡು ಸಲ ತಗೋತೀರಿ, ಇದನ್ನ ಒಂದ್ ಸಲಾನೂ ನೋಡಲ್ಲ,” ಎಂದಳು. ಎಡ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿಕೊಳ್ಳುತ್ತಿದ್ದಳು. ಚಳಿಗೆ ಅದು ಈಗಲೂ ನೋಯುತ್ತದಂತೆ. “ಇವತ್ತು ಸಹಿ ಇಲ್ಲ. ಮುಂದಿನ ಶನಿವಾರ ಬನ್ನಿ.”

ಅವಳು ಕೀಲಿಯನ್ನು ತೆಗೆದು ಕೊಕ್ಕೆಗೆ ಹಾಕಿದಳು. ಹೊರಡುವ ಮೊದಲು ರಿಜಿಸ್ಟರು ತಿರುವಿ ನೋಡಿದೆ. ನನ್ನ ಹೆಸರಿನ ಮುಂದೆ ದಿನಾಂಕದ ಮನೆ ಖಾಲಿ ಇತ್ತು. ಆ ಖಾಲಿಯಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ.